ಕಾರಿನೊಳಗಿನ ನಾಲ್ಕಡಿ ಹಾಸಿಗೆ

ಸರ್ಕಾರಿ ಭೂಮಾಪಕನಾಗಿ ಮೂವತ್ತು ವರ್ಷ ಊರೂರು ಅಲೆದು ಜಮೀನು ಅಳೆದವನು ನಾನು. ‘ಆ ಹುಣಸೆಮರದ ಆಚೆ ಹೋಗ್ಬೇಡಿ ಸಾರ್, ಜಾಗ ಒಳ್ಳೇದಲ್ಲ’ ಎಂದವರ ಎದುರಿಗೇ ಆ ಮರದ ಬುಡದಲ್ಲಿ ನಿಂತು ಟೇಪು ಹಿಡಿದಿದ್ದೇನೆ, ಬುತ್ತಿ ಬಿಚ್ಚಿ ಊಟವನ್ನೂ ಮಾಡಿದ್ದೇನೆ. ದೆವ್ವ, ದೃಷ್ಟಿ, ತಾಯತ ಇಂಥ ಯಾವುದನ್ನೂ ನನ್ನ ತಂದೆ ಮನೆಯೊಳಗೆ ಬಿಟ್ಟವರಲ್ಲ. ನಮ್ಮ ನಡುಮನೆಯಲ್ಲಿರುವುದು ಬುದ್ಧನ ಪಟವೊಂದೇ. ಅದನ್ನೂ ಅಪ್ಪ ಬೇಡಿಕೊಳ್ಳುವುದಕ್ಕೆಂದು ಹಾಕಿದ್ದಲ್ಲ. ಹೀಗೆ ಬೆಳೆದವನು ಈಗ ಇದನ್ನು ಬರೆಯಬೇಕಾಗಿ ಬಂದಿರುವುದು ನನಗೆ ಸಂಕೋಚದ ವಿಷಯ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾಲ್ಕು ವರ್ಷದ ಹಿಂದಿನ ಮಾತು. ನಾನೂ ನನ್ನ ಹೆಂಡತಿ ವಿಮಲಾಳೂ ವೈಯಾಲಿಕಾವಲ್‌ನ ಸಣ್ಣ ಮನೆಯಲ್ಲಿದ್ದೇವೆ. ಮಕ್ಕಳಿಲ್ಲ. ಆಕೆ ಆಸ್ಪತ್ರೆಯೊಂದರಲ್ಲಿ ನರ್ಸು. ಹಿಮಾಲಯದ ಸ್ಪಿತಿ ಕಣಿವೆಯ ಬೌದ್ಧ ವಿಹಾರಗಳನ್ನು ನೋಡಬೇಕು, ಅದೂ ನಮ್ಮದೇ ಗಾಡಿಯಲ್ಲಿ, ಕತ್ತಲಾದಲ್ಲಿ ನಿಲ್ಲಿಸಿ ಅದರಲ್ಲೇ ಮಲಗಿ ಹೋಗಬೇಕು ಎನ್ನುವುದು ಅವಳ ಬಹಳ ದಿನದ ಆಸೆ. ಕಾರು ಓಡಿಸುವುದರಲ್ಲೂ ನನಗಿಂತ ಅವಳೇ ಗಟ್ಟಿ. ದೊಡ್ಡ ಜೀಪು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆಗ ಸಿಕ್ಕಿದ್ದು ಇಪ್ಪತ್ತು ವರ್ಷ ಹಳೆಯ, ಹೊರದೇಶದಿಂದ ಬಂದಿದ್ದ ಒಂದು ಸೆಡಾನ್ ಕಾರು. ನೋಡುವುದಕ್ಕೆ ಮದುವೆಗೆ ಹೊರಟ ಸಾಹುಕಾರನ ಕಾರಿನಂತಿದ್ದರೂ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತಿತ್ತು. ಕೆಸರಿಗಿಳಿಸಿದರೂ ಎದ್ದು ಬರುವ ಗಾಡಿ. ಅದರ ಹಿಂದಿನ ಮಾಲೀಕರು ಯಾರೆಂದು ದಲ್ಲಾಳಿಗೆ ಸರಿಯಾಗಿ ಗೊತ್ತಿರಲಿಲ್ಲ, ನಾವೂ ಕೆದಕಲಿಲ್ಲ.

ಚಾಮರಾಜಪೇಟೆಯಲ್ಲಿ ಅನ್ವರ್ ಎಂಬ ಮೆಕ್ಯಾನಿಕ್ ಇದ್ದಾನೆ. ನನ್ನ ಸ್ಕೂಟರಿನ ಕಾಲದಿಂದ ಪರಿಚಯ. ಅವನು ಕಾರನ್ನು ಸುತ್ತುಹಾಕಿ ನೋಡಿ, ‘ಗಾಡಿ ಸಖತ್ತಾಗಿದೆ ಸಾರ್, ಮೂರಿಂಚು ಎತ್ತಿಬಿಡೋಣ’ ಎಂದ. ಉದ್ದನೆಯ ಸ್ಪ್ರಿಂಗ್, ದಪ್ಪ ಹಲ್ಲಿನ ಟೈರು, ಹೊಟ್ಟೆಯಡಿಗೆ ಕಲ್ಲು ತಾಗದಂತೆ ಕಬ್ಬಿಣದ ತಗಡು, ಮೇಲೆ ಸಾಮಾನಿಗೆ ಕ್ಯಾರಿಯರ್, ಇವೆಲ್ಲ ಅವನ ಕೆಲಸ. ಒಳಗಿನದು ನನ್ನದು. ಹಿಂದಿನ ಸೀಟು ಕಿತ್ತು, ಸೀಟಿಗೂ ಡಿಕ್ಕಿಗೂ ನಡುವಿನ ತಗಡು ಕತ್ತರಿಸಿ, ಡಿಕ್ಕಿಯವರೆಗೂ ಪ್ಲೈವುಡ್ಡಿನ ಮಂಚ ಹಾಕಿದೆ. ಕಾಲು ಡಿಕ್ಕಿಯೊಳಕ್ಕೆ, ತಲೆ ಮುಂದಿನ ಸೀಟುಗಳ ಹಿಂದಕ್ಕೆ. ನಗರ್ತಪೇಟೆಯಲ್ಲಿ ಸುತ್ತಿ ಸ್ಪಂಜಿನ ಹಾಸಿಗೆಯನ್ನೂ ಕಿಟಕಿಯ ಪರದೆಗೆ ಬಟ್ಟೆಯನ್ನೂ ತಂದೆ. ಹಾಸಿಗೆಯ ಅಗಲ ಸರಿಯಾಗಿ ನಾಲ್ಕಡಿ. ಇಬ್ಬರಿಗೆ ಧಾರಾಳ. ಅಳೆಯುವುದು ನನ್ನ ಕಸುಬು, ಅದರಲ್ಲಿ ತಪ್ಪಾಗಲಾರದು.

ಹಾಸಿಗೆ ಹಾಕಿದ ಸಂಜೆ ಮನೆಯ ಮುಂದೆ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ, ನಾನೂ ವಿಮಲಾಳೂ ಮಕ್ಕಳ ಹಾಗೆ ಒಳಗೆ ತೂರಿಕೊಂಡೆವು. ಐದು ನಿಮಿಷವೂ ಆಗಿರಲಿಲ್ಲ.

‘ರೀ, ಸ್ವಲ್ಪ ಆಚೆ ಸರೀರಿ. ಇಕ್ಕಟ್ಟಾಗ್ತಿದೆ,’ ಎಂದಳು.

‘ನಾನೆಲ್ಲಿ ಸರೀಲಿ? ಬಾಗಿಲಿಗೇ ಅಂಟ್ಕೊಂಡಿದೀನಿ. ನೀನೇ ನನ್ ಮೇಲೆ ಬೀಳ್ತಿದೀಯ.’

‘ನಾನೂ ಬಾಗಿಲಿಗೇ ಅಂಟ್ಕೊಂಡಿರೋದು.’

ಇಬ್ಬರೂ ನಕ್ಕೆವು. ನನ್ನ ಎಡ ಭುಜ ಬಾಗಿಲಿಗೆ ತಾಗಿತ್ತು. ಬಲ ಭುಜಕ್ಕೆ ಇನ್ನೊಂದು ಭುಜ ಒತ್ತುತ್ತಿತ್ತು. ಅದು ಅವಳದೆಂದುಕೊಂಡು ನಡುವೆ ಕೈ ಹಾಕಿದೆ. ಅಲ್ಲಿ ಒಂದು ಗೇಣಿಗಿಂತ ಹೆಚ್ಚು ಜಾಗ ಖಾಲಿಯಿತ್ತು. ಸ್ಪಂಜು ಮಾತ್ರ ಯಾರೋ ಈಗ ತಾನೇ ಎದ್ದುಹೋದ ಹಾಗೆ ಬೆಚ್ಚಗಿತ್ತು. ದಪ್ಪ ಹಾಸಿಗೆ, ಒತ್ತಿದರೆ ಉಬ್ಬುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ತೆಳುವಾದದ್ದು ತಂದೆ. ಅದರ ಮೇಲೆ ನಾವಿಬ್ಬರೂ ಒಟ್ಟಿಗೆ ಮಲಗಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದರೆ, ಈಗ ಯೋಚಿಸಿದರೆ, ಇಬ್ಬರಿಗೂ ಮನಸ್ಸಿರಲಿಲ್ಲ.

ವಾರ ಕಳೆದು ಸ್ಪ್ರಿಂಗ್ ಕೂರಿಸಲು ಅನ್ವರನ ಗ್ಯಾರೇಜಿಗೆ ಹೋದೆವು. ಬೆಳಗಿನ ಹನ್ನೊಂದು ಗಂಟೆ, ಬೀದಿಯ ತುಂಬ ಜನ. ಅನ್ವರ್ ಗುಂಡಿಗಿಳಿದು ಕಾರಿನ ಅಡಿಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ. ನಾವು ಎದುರಿನ ಅಂಗಡಿಯಿಂದ ಟೀ ತರಿಸಿಕೊಂಡು ಅಲ್ಲೇ ಪಕ್ಕದಲ್ಲಿದ್ದೆವು. ಗುಂಡಿಯೊಳಗಿನಿಂದ ಅವನು ಕೂಗಿದ:

‘ಸಾರ್, ಮೇಡಮ್ಮೋರಿಗೆ ಸ್ವಲ್ಪ ಅಲ್ಲಾಡ್ದೆ ಮಲ್ಕೊಳ್ಳೋಕೆ ಹೇಳಿ. ಬೋಲ್ಟ್ ಕೂರ್ತಿಲ್ಲ.’

ವಿಮಲಾ ನನ್ನ ಪಕ್ಕದಲ್ಲಿ ನಿಂತು ಟೀ ಕುಡಿಯುತ್ತಿದ್ದಳು.

‘ಅವಳು ಇಲ್ಲೇ ಇದಾಳೆ ಅನ್ವರ್. ಒಳಗೆ ಯಾರೂ ಇಲ್ಲ,’ ಎಂದೆ.

ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅವನು ಮೇಲೆ ಬಂದು ಕಿಟಕಿಯಲ್ಲಿ ಇಣುಕಿದ. ನಮ್ಮಿಬ್ಬರನ್ನೂ ನೋಡಿದ. ‘ಎಡಗಡೆಯಿಂದ ಬಲಗಡೆಗೆ ಯಾರೋ ಹೊರಳಿದ ಹಾಗೆ ಆಯ್ತು ಸಾರ್. ಆಳಿನ ತೂಕ,’ ಎಂದವನು, ಕೈ ಒರೆಸಿಕೊಳ್ಳುತ್ತ ತಾನೇ ಸಮಾಧಾನ ಹೇಳಿದ: ‘ಹೊಸ ಸ್ಪ್ರಿಂಗ್ ಅಲ್ವಾ, ಕೂತ್ಕೊಳ್ಳೋಕೆ ಟೈಮ್ ತಗೊಳ್ತದೆ.’ ನಾನು ಆ ಮಾತನ್ನು ಆತುರದಿಂದ ಒಪ್ಪಿಕೊಂಡೆ. ಆದರೆ ಕೆಲಸ ಮುಗಿದ ಮೇಲೆ ಒಂದು ಸುತ್ತು ತಾನೇ ಓಡಿಸಿ ನೋಡುವ ಅನ್ವರ್ ಅವತ್ತು ಕೀಯನ್ನು ಸುಮ್ಮನೆ ನನ್ನ ಕೈಗೆ ಕೊಟ್ಟುಬಿಟ್ಟ.

ಮಾರ್ಚ್ ಕೊನೆಯ ಒಂದು ಭಾನುವಾರ ವಿಮಲಾ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು. ಪಕ್ಕದ ಮನೆಯಲ್ಲಿ ಗೋಡೆ ಕೊರೆಯುವ ಕೆಲಸ. ಮನೆಯೊಳಗೆ ಮಲಗುವಂತಿರಲಿಲ್ಲ. ಊಟವಾದ ಮೇಲೆ, ‘ಕಾರಲ್ಲೇ ಮಲ್ಕೊಳ್ತೀನಿ, ಅಲ್ಲಿ ಅಷ್ಟು ಕೇಳ್ಸಲ್ಲ,’ ಎಂದು ದಿಂಬು, ದುಪ್ಪಟಿ ತೆಗೆದುಕೊಂಡು ಹೋದಳು. ಬೇಡ ಎನ್ನಬೇಕೆನಿಸಿತು. ಏನು ಕಾರಣ ಕೊಡುವುದು? ನಾನೇ ಜೊತೆಗೆ ಹೋಗಿ, ಕೀ ಹಾಕಿ ನಾಲ್ಕೂ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದೆ. ಪರದೆ ಎಳೆದೆ. ಬೀದಿಯಲ್ಲವೇ, ಅವಳು ಒಳಗಿನಿಂದ ಲಾಕ್ ಒತ್ತಿಕೊಂಡಳು. ಕೀಯನ್ನು ತಂದು ಮನೆಯೊಳಗೆ ಮೊಳೆಗೆ ನೇತುಹಾಕಿದೆ. ಇದನ್ನು ನಾನು ಅದೆಷ್ಟು ಸಾರಿ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆ ಕಾರಿನಲ್ಲಿ ಕೀ ಹಾಕದೆ ಗಾಜು ಮೇಲೆಕೆಳಗೆ ಆಗುವುದಿಲ್ಲ.

ಒಂದೂವರೆಗೆ ಮಲಗಿದವಳನ್ನು ಮೂರೂವರೆಗೆ ಎಬ್ಬಿಸಲು ಹೋದೆ. ನೆರಳು ಸರಿದು ಬಿಸಿಲು ನೇರ ಕಾರಿನ ಮೇಲೆ ಬಿದ್ದಿತ್ತು. ಬಾಗಿಲಿಗೆ ಕೈಯಿಟ್ಟರೆ ಚುರುಕ್ಕೆಂದಿತು. ಆಗ ನೋಡಿದೆ, ನಾಲ್ಕೂ ಗಾಜು ಪೂರ್ತಿ ಏರಿದ್ದವು.

ಪರದೆಯ ಸಂದಿಯಲ್ಲಿ ಇಣುಕಿದೆ. ವಿಮಲಾ ಆಚೆ ತುದಿಗೆ ಒತ್ತರಿಸಿಕೊಂಡು, ನನ್ನ ಕಡೆ ಮುಖ ಮಾಡಿ ಮಲಗಿದ್ದಳು. ಮುಖ ಕೆಂಪೇರಿ ಬೆವರಿನಲ್ಲಿ ತೊಯ್ದಿತ್ತು. ಅವಳ ಒಂದು ಕೈ ಪಕ್ಕದ ಯಾವುದರ ಮೇಲೋ ಒರಗಿತ್ತು. ದುಪ್ಪಟಿ ಅಲ್ಲಿ ಉಬ್ಬಿತ್ತು. ದಿಂಬು ಇರಬೇಕೆಂದುಕೊಂಡೆ. ದಿಂಬು ಅವಳ ತಲೆಯ ಕೆಳಗಿತ್ತು.

ಗಾಜು ಬಡಿದೆ, ಹೆಸರು ಹಿಡಿದು ಕೂಗಿದೆ. ಅವಳು ಅಲುಗಲಿಲ್ಲ. ನಾನು ನೋಡುತ್ತಿದ್ದ ಹಾಗೆ ಆ ಉಬ್ಬು ನಿಧಾನವಾಗಿ, ಯಾರೋ ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳದ ಹಾಗೆ, ಇಳಿಯತೊಡಗಿತು. ಅದರ ಜೊತೆಗೇ ವಿಮಲಾಳ ಕೈಯೂ ಇಳಿಯಿತು. ಕೊನೆಗೆ ಅವಳ ಅಂಗೈ ಹಾಸಿಗೆಯ ಮೇಲೆ ಚಪ್ಪಟೆಯಾಗಿ ನಿಂತಿತು.

ಒಳಗೋಡಿ ಕೀ ತಂದದ್ದು ನೆನಪಿದೆ. ಬಾಗಿಲು ತೆಗೆದಾಗ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಗೋಡೆ ಕೊರೆಯುತ್ತಿದ್ದ ಇಬ್ಬರು ಬಂದು ಕೈಜೋಡಿಸಿದರು. ಅವಳನ್ನು ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ನೀರು ಚಿಮುಕಿಸಿದೆವು. ಹತ್ತು ನಿಮಿಷ ಅವಳು ಕಣ್ಣು ಬಿಡಲಿಲ್ಲ. ನನ್ನ ಜೀವನದಲ್ಲಿ ಅಂಥ ಹತ್ತು ನಿಮಿಷ ಬೇರೆ ಬಂದಿಲ್ಲ.

ಕಣ್ಣು ಬಿಟ್ಟವಳು ಮೊದಲು ಆಡಿದ ಮಾತು: ‘ಯಾವಾಗ ಎದ್ದು ಹೋದ್ರಿ?’

‘ಎಲ್ಲಿಂದ?’

‘ಪಕ್ಕದಲ್ಲೇ ಮಲ್ಗಿದ್ರಲ್ಲ.’

‘ಗಾಜು ಯಾರು ಏರಿಸಿದ್ದು ವಿಮಲಾ?’

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ನೀವೇ. ಧೂಳು ಬರ್ತಿದೆ ಅಂತ ನೀವೇ ಏರಿಸಿದ್ರಲ್ಲ.’

ಅವತ್ತು ಸಂಜೆಯೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಇನ್ನು ಕಾಲು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಬಿಸಿಲಿನ ಝಳಕ್ಕೆ ಮಿದುಳಿಗೆ ಹಾಗೆ ಏನೇನೋ ಕಾಣಿಸುತ್ತದೆ, ಕೇಳಿಸುತ್ತದೆ ಎಂದೂ ಹೇಳಿದರು. ಒಪ್ಪಿದೆ. ಆದರೆ ಹೊರಗೆ ನಿಂತಿದ್ದ ನನ್ನ ಮಿದುಳಿಗೆ ಏನಾಗಿತ್ತು? ಅನ್ವರನನ್ನು ಕರೆಸಿ ವೈರು, ಸ್ವಿಚ್ಚು ಎಲ್ಲ ಪರೀಕ್ಷೆ ಮಾಡಿಸಿದೆ. ಅವನು ಕಾರಿನೊಳಗೆ ಕೂರದೆ, ಹೊರಗೆ ನಿಂತೇ ಕೈ ಚಾಚಿ ನೋಡಿದ. ‘ಒಂದು ಗಾಜು ಶಾರ್ಟ್ ಆಗಿ ಏರಬಹುದು ಸಾರ್. ನಾಲ್ಕೂ ಒಟ್ಟಿಗೆ, ಕೀ ಇಲ್ದೆ... ಗೊತ್ತಾಗ್ತಿಲ್ಲ.’ ಸ್ವಲ್ಪ ತಡೆದು, ‘ಇದನ್ನ ಇಟ್ಕೋಬೇಡಿ,’ ಎಂದ.

ಬೇರೆಯವರಿಗೆ ಮಾರಲು ನನಗೆ ಮನಸ್ಸಾಗಲಿಲ್ಲ. ಇಂಥ ಗಾಡಿ ಹುಡುಕುತ್ತಿದ್ದ ಗಂಡಹೆಂಡತಿ ಇಬ್ಬರು ಬಂದು, ಮಂಚದ ಮೇಲೆ ಕೈಯಾಡಿಸಿ ಬಹಳ ಮೆಚ್ಚಿಕೊಂಡರು. ಕಾರು ಕೊಡುವುದಿಲ್ಲ ಎಂದುಬಿಟ್ಟೆ. ಕಾರಣ ಹೇಳಲಿಲ್ಲ, ಅವರು ಬೇಸರದಿಂದ ಹೋದರು. ಕೊನೆಗೆ ಗುಜರಿಗೆ ಹಾಕಿ, ಎದುರಿಗೇ ನಿಂತು ಬಿಡಿಬಿಡಿಯಾಗಿ ಕತ್ತರಿಸಿ ಹಾಕಿಸಿದೆ. ವಿಮಲಾ ಅವತ್ತು ಜೊತೆಗೆ ಬರಲಿಲ್ಲ. ಅಷ್ಟು ಆಸೆಪಟ್ಟು ಮಾಡಿಸಿದ ಕಾರು, ಅವಳ ಬೇಜಾರು ಸಹಜ ಎಂದುಕೊಂಡೆ. ಸ್ಪಿತಿಯ ಮಾತನ್ನು ಮತ್ತೆ ಇಬ್ಬರೂ ಎತ್ತಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಬಿಸಿಲು, ಶಾರ್ಟ್ ಸರ್ಕ್ಯೂಟು ಎಂದು ಹೇಗೋ ಮರೆತುಬಿಡುತ್ತಿದ್ದೆ. ಸುಮಾರು ಏಳೆಂಟು ತಿಂಗಳಾದ ಮೇಲೆ ಒಂದು ದಿನ ಸಂಪಿಗೆ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಇಬ್ಬರೂ ಮೆಟ್ರೋ ಕಡೆ ನಡೆಯುತ್ತಿದ್ದೆವು. ನಡೆಯುತ್ತ ನಡೆಯುತ್ತ ವಿಮಲಾ ನನ್ನ ಕೈ ಹಿಡಿದುಕೊಂಡಳು. ಬೀದಿಯಲ್ಲಿ ಹಾಗೆ ಹಿಡಿಯುವವಳಲ್ಲ.

‘ಅತ್ತೆ ಹೋದ ದಿನ ನೀವು ಆಸ್ಪತ್ರೆ ಗೇಟಿನ ತನಕ ಬಂದು ವಾಪಸ್ ಹೋಗಿದ್ರಿ ಅಂದ್ರಲ್ಲ,’ ಎಂದಳು. ‘ಅದನ್ನ ಇಷ್ಟು ವರ್ಷ ಒಬ್ರೇ ಹೇಗೆ ಇಟ್ಕೊಂಡಿದ್ರಿ? ನಾನು ಏನಾದ್ರೂ ಅಂದ್ಕೊಳ್ತಿದ್ನಾ?’

ನನ್ನ ಕಾಲು ಅಲ್ಲೇ ನಿಂತುಹೋಯಿತು. ಹದಿನೆಂಟು ವರ್ಷದ ಹಿಂದೆ ನನ್ನ ತಾಯಿ ಕೊನೆಯುಸಿರೆಳೆಯುವಾಗ ನಾನು ದೂರದ ಊರಿನ ಸರ್ವೆಯಲ್ಲಿ ಸಿಕ್ಕಿಕೊಂಡಿದ್ದೆ, ಬಸ್ಸು ತಪ್ಪಿತು ಎಂದೇ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಗೇಟಿನ ತನಕ ಬಂದಿದ್ದೆ. ಒಳಗೆ ಹೋಗಿ ಅವಳನ್ನು ಆ ಸ್ಥಿತಿಯಲ್ಲಿ ನೋಡುವ ಧೈರ್ಯ ಸಾಲದೆ ಎದುರಿನ ಬಸ್ ಸ್ಟಾಪಿನಲ್ಲಿ ಸಂಜೆಯವರೆಗೆ ಕೂತಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

‘ಯಾವಾಗ ಹೇಳ್ದೆ ನಾನು?’ ಎಂದೆ.

‘ಅವತ್ತು. ಕಾರಲ್ಲಿ ಪಕ್ಕದಲ್ಲಿ ಮಲ್ಕೊಂಡು ಎಲ್ಲಾ ಹೇಳಿದ್ರಲ್ಲ.’

ನಿದ್ದೆಯಲ್ಲಿ ಯಾವತ್ತೋ ನಾನು ಬಡಬಡಿಸಿದ್ದಿರಬಹುದು, ಅದು ಅವಳ ಕಿವಿಗೆ ಬಿದ್ದಿರಬಹುದು ಎಂದು ಯೋಚಿಸಿ ನೋಡಿದ್ದೇನೆ. ಇರಬಹುದು. ಅವತ್ತು ಅವಳ ಪಕ್ಕದಲ್ಲಿದ್ದದ್ದು ನಾನಲ್ಲ ಎಂದು ಅವಳಿಗೆ ಎಷ್ಟು ಸಾರಿ ಹೇಳಿದರೂ ಅವಳು ವಾದಿಸುವುದಿಲ್ಲ, ‘ಆಯ್ತು ಬಿಡಿ’ ಎಂದು ನಗುತ್ತಾಳೆ. ಆ ಮಧ್ಯಾಹ್ನದ ನಂತರ ಅವಳು ನನ್ನನ್ನು ಹಿಂದೆಂದಿಗಿಂತ ಹೆಚ್ಚು ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ಆ ಅಕ್ಕರೆ ನನ್ನದೋ ಅಲ್ಲವೋ ನನಗೆ ತಿಳಿಯದು. ‘ಎಲ್ಲಾ ಹೇಳಿದ್ರಿ’ ಎಂದಳಲ್ಲ, ಆ ಎಲ್ಲದರಲ್ಲಿ ಇನ್ನೂ ಏನೇನಿತ್ತು ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.