ಖಾಲಾ ಈಜು ಕಲಿತ ಬೇಸಿಗೆ

ಹೋದ ವಾರ ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಸ್ಕೂಟಿ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವನು ಗಾಲಿಯಿಂದ ಟ್ಯೂಬು ಎಳೆದು, ಗಾಳಿ ತುಂಬಿ, ಪಕ್ಕದ ನೀರಿನ ತೊಟ್ಟಿಯಲ್ಲಿ ಅದ್ದಿದ. ಬುಳುಬುಳು ಗುಳ್ಳೆ ಎದ್ದವು. ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು ನೋಡಿ... ನಿಂತಲ್ಲೇ ನಕ್ಕುಬಿಟ್ಟೆ. ಅವನು ತಲೆ ಎತ್ತಿ, "ಯಾಕ್ರೀ ಮೇಡಂ?" ಅಂದ. ಏನಂತ ಹೇಳಲಿ? ಆ ವಾಸನೆಯ ಜೊತೆ ನಮ್ಮ ಎದುರು ಮನೆಯ ಖಾಲಾ ಬಂದಿದ್ದರು. ಹೆಗಲಿಗೆ ಗಾಳಿ ತುಂಬಿದ ಟೆಂಪೋ ಟ್ಯೂಬು ಹಾಕಿಕೊಂಡು, ಬುರ್ಖಾದ ತುದಿ ಹಾರಿಸುತ್ತ, ಇದೇ ಸ್ಕೂಟಿಯ ಹಿಂದೆ ಕೂತು...

ಖಾಲಾ ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ಕೊಪ್ಪಳದ ಮಗ್ಗುಲ ಭಾಗ್ಯನಗರದ ನಮ್ಮ ಓಣಿಯಲ್ಲಿ ಅವರು ಯಾವ ಮನೆಯವರಿಗೂ ಹಾಗಿರಲಿಲ್ಲ, ಆದರೂ ಎಲ್ಲರಿಗೂ ಖಾಲಾ. ನಮ್ಮ ಬಾಗಿಲು ತೆರೆದರೆ ಎದುರಿಗೆ ಅವರ ಬಾಗಿಲು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ಬಾಡಿಗೆಗೆ ಟೆಂಪೋ ಓಡಿಸುತ್ತಿದ್ದ. ಖಾಲಾ ಕೂದಲಿನ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಎಲ್ಲೆಲ್ಲಿಂದಲೋ ಚೀಲಗಟ್ಟಲೆ ಬರುವ ಕೂದಲಿನ ಗಂಟುಗಳನ್ನು ಹೆಂಗಸರು ಸಾಲಾಗಿ ಕೂತು ಬಿಡಿಸಿ, ಉದ್ದ ನೋಡಿ ಬೇರೆ ಮಾಡುವ ಕೆಲಸ ಅದು. ಕೂದಲು ಹಾರುತ್ತದೆಂದು ಅಲ್ಲಿ ಫ್ಯಾನ್ ಹಾಕುವಂತಿಲ್ಲ. ಬೇಸಿಗೆಯ ಸಂಜೆ ಆ ಶೆಡ್ಡಿನಿಂದ ಬಂದವರೇ ನಮ್ಮ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ತಂಬಿಗೆ ನೀರನ್ನು ಅರ್ಧ ಕುಡಿದು ಅರ್ಧ ಮುಖಕ್ಕೆ ಸುರಿದುಕೊಂಡು "ಹಾಯ್ ಅಲ್ಲಾ!" ಅನ್ನುತ್ತಿದ್ದರು. ಆ ದನಿ ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತು. ಎತ್ತರದ ಆಳು. ನಕ್ಕರೆ ಭುಜಗಳೆರಡೂ ಕುಣಿಯುತ್ತಿದ್ದವು.

ಆ ವರ್ಷ ನಾನು ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಒಂದು ವರ್ಷ ಗಣಿತ ಕಲಿಸಿ ಊರಿಗೆ ಮರಳಿದ್ದೆ. ಬಂದ ಮೊದಲ ವಾರ ಏನು ಸಂಭ್ರಮ! ಮಂಡಾಳ ಒಗ್ಗರಣೆ, ಮಿರ್ಚಿ, ಅವ್ವನ ಕೈಯ ರೊಟ್ಟಿ, ಬಂದುಹೋಗುವ ಜನ. ಎರಡನೆಯ ವಾರಕ್ಕೆ ಎಲ್ಲ ತಣ್ಣಗಾಯಿತು. ಹಳೆಯ ಶಾಲೆಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು. ಬೆಳಿಗ್ಗೆ ಎಚ್ಚರವಾದಾಗ ಕಿವಿ ಸಮುದ್ರದ ಸದ್ದು ಹುಡುಕುತ್ತಿತ್ತು, ಕೇಳುತ್ತಿದ್ದದ್ದು ನೀರಿನ ಟ್ಯಾಂಕರಿನ ಹಾರ್ನು. ಪೇಟೆಗೆ ಹೋದರೆ "ಮತ್ತ ಯಾವಾಗ ಹೋಗ್ತೀರಿ?" ಅನ್ನುವುದೊಂದೇ ಪ್ರಶ್ನೆ. ಆ ದ್ವೀಪದ ಹೆಡ್‌ಮಾಸ್ತರರು ಇನ್ನೆರಡು ವರ್ಷಕ್ಕೆ ಬರುವಂತೆ ಕರೆದಿದ್ದರು. ಮೇ ತಿಂಗಳು ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಹೋಗುವುದೆಂದೇ ಒಳಗೊಳಗೆ ತೀರ್ಮಾನ ಮಾಡಿದ್ದೆ. ಬಿಚ್ಚಿದ ಸೂಟ್‌ಕೇಸನ್ನು ಅಟ್ಟಕ್ಕೆ ಏರಿಸಿರಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿದ್ದ ಫೋಟೋಗಳನ್ನು ಖಾಲಾಗೆ ತೋರಿಸುತ್ತಿದ್ದೆ. ನೀಲಿ ನೀರು, ಬಿಳಿ ಉಸುಕು, ನನ್ನ ಶಾಲೆಯ ಮಕ್ಕಳು. ಅಲ್ಲಿಯ ಮಕ್ಕಳು ಗಣಿತ ಟೀಚರಿಗೆ ಈಜು ಬಾರದೆಂದು ಬಿದ್ದು ಬಿದ್ದು ನಕ್ಕು, ಕೊನೆಗೆ ತಾವೇ ನನ್ನನ್ನು ನೀರಿಗಿಳಿಸಿ ಕಲಿಸಿದ ಕಥೆ ಹೇಳಿದೆ. ಖಾಲಾ ಒಂದು ಫೋಟೋ ಹತ್ತಿರ ಬೆರಳು ನಿಲ್ಲಿಸಿದರು. ಎದೆಮಟ್ಟ ನೀರಿನಲ್ಲಿ ನಿಂತ ನಾಲ್ಕಾರು ಹೆಂಗಸರು, ತಲೆಗೆ ಬಟ್ಟೆ, ಮೈತುಂಬ ಉದ್ದ ತೋಳಿನ ಅಂಗಿ.

"ಇವರ‍್ಯಾರು?"

"ಅಲ್ಲಿಯ ಹೆಣ್ಮಕ್ಳು ಖಾಲಾ. ಮಕ್ಕಳ ತಾಯಂದಿರು."

"ಅರಿವಿ ಹಾಕ್ಕೊಂಡ ಈಜ್ತಾರ?"

"ಹೂಂ. ಮೈತುಂಬ ಅರಿವಿ ಹಾಕ್ಕೊಂಡ ಈಜ್ತಾರ. ಮುದುಕ್ಯಾರೂ ಇಳೀತಾರ."

ಖಾಲಾ ಫೋಟೋವನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ ಮೊಬೈಲನ್ನು ನನ್ನ ಕೈಗಿಟ್ಟು, ನನ್ನ ಮೊಣಕಾಲ ಮೇಲೆ ಪಟ್ಟನೆ ಹೊಡೆದರು.

"ಹಂಗಂದ್ರ ನಂಗೂ ಕಲಿಸು, ಬೇಟಾ."

ಚೇಷ್ಟೆ ಅಂದುಕೊಂಡೆ. ಅಲ್ಲ. ಚಿಕ್ಕವರಿದ್ದಾಗ ಆನೆಗೊಂದಿಯ ಹತ್ತಿರದ ತವರಿನಲ್ಲಿ ಅಣ್ಣತಮ್ಮಂದಿರೆಲ್ಲ ಹೊಳೆಗೆ ಜಿಗಿಯುವಾಗ ಇವರು ದಂಡೆಯ ಬಂಡೆಯ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದರಂತೆ. "ಅವರು ಮುಳುಗಿ ಎದ್ದು ನಗೋದು ನೋಡಿ ನನ್ನ ಹೊಟ್ಟ್ಯಾಗ ಉರಿ ಬೀಳ್ತಿತ್ತು. ಈಗ ಆ ಶೆಡ್ಡಿನ್ಯಾಗ ಕೂತಾಗೆಲ್ಲ ಒಂದ ಕನಸು ನಂದು. ನೀರು, ನೀರು, ನೀರು." ಎಷ್ಟು ವಯಸ್ಸು ಅಂತ ಕೇಳಿದರೆ ಅರವತ್ತು ಅಂದರು, ಮರುಕ್ಷಣ "ಐವತ್ತೆಂಟ ಅಂತ ಬರ‍್ಕೊ" ಅಂತ ನಕ್ಕರು. ಒಳಗಿಂದ ಅವ್ವ, "ನಿಮಗ ತಲಿ ಕೆಟ್ಟೈತೇನು ಖಾಲಾ? ಈ ವಯಸ್ಸಿನ್ಯಾಗ ಏನ್ ಮಾಡವ್ರಿ ಅದನ್ನ ಕಲಿತು?" ಅಂದಳು. "ಏನೂ ಮಾಡೂದಿಲ್ಲವ್ವ, ಈಜ್ತೀನಿ," ಅಂದರು ಖಾಲಾ.

ಊರಿಗೆ ಬಂದ ಮೇಲೆ ಮೊದಲ ಸಲ ನಾಳೆಯ ಬೆಳಗಿಗಾಗಿ ಕಾಯುವಂತಾಯಿತು.

ಕುಷ್ಟಗಿ ರಸ್ತೆಯ ಕಡೆ ಚಿಕ್ಕಪ್ಪನ ದಾಳಿಂಬೆ ತೋಟವಿತ್ತು, ಅದರ ನಡುವೆ ಕಲ್ಲು ಕಟ್ಟಿದ ದೊಡ್ಡ ಬಾವಿ. ಕೆಳತನಕ ಅಗಲವಾದ ಪಾವಟಿಗೆಗಳು, ಕಲ್ಲಿನ ಮೆಟ್ಟಿಲುಗಳು. ಚಿಕ್ಕಪ್ಪನನ್ನು ಕೇಳಿದೆ. ಅವನು ಮೀಸೆಯಲ್ಲೇ ನಕ್ಕು, "ಬರ್ರಿ. ಆದ್ರ ನಾ ಹಗ್ಗ ಹಿಡ್ಕೊಂಡು ಮ್ಯಾಲೆ ಕೂಡ್ತೀನಿ, ನಾ ಬಂದ ಹೊರತು ಯಾರೂ ಇಳಿಯಾಂಗಿಲ್ಲ," ಅಂದ. ಟ್ಯೂಬಿನ ಚಿಂತೆ ಖಾಲಾನೇ ಬಗೆಹರಿಸಿದರು. ಮಗನ ಟೆಂಪೋದ ಹಳೆಯ ಟ್ಯೂಬೊಂದು ಹಿತ್ತಲಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಅವನು ಮಲಗಿದ್ದಾಗ ತೆಗೆದುಕೊಂಡು ಬಂದರು. ಕೇಳಿದರೆ ಬೇಡ ಅನ್ನುತ್ತಾನೆ, ಅದಕ್ಕೆ ಕೇಳಲಿಲ್ಲ ಅಂದರು.

ಮೊದಲ ಬೆಳಗನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯಲಾಗುವುದಿಲ್ಲ. ಸ್ಕೂಟಿಯ ಮುಂದೆ ನಾನು, ಹಿಂದೆ ಹೆಗಲಿಗೆ ಟ್ಯೂಬು ಏರಿಸಿದ ಖಾಲಾ. ಹಾಲಿನವನು ಬಾಯಿ ತೆರೆದು ನಿಂತ. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಟ್ಟು ನೋಡಿದಳು. ಖಾಲಾ ಎಲ್ಲರಿಗೂ ಕೈ ಬೀಸಿದರು. "ಸುಮ್ನ ಕೂಡ್ರಿ ಖಾಲಾ, ಗಾಡಿ ವಾಲ್ತೈತಿ!" ಅಂತ ನಾನು ಕೂಗಿದೆ.

ಬಾವಿಯ ದಂಡೆಗೆ ಬಂದ ಮೇಲೆ ಆ ಧೈರ್ಯವೆಲ್ಲ ಎಲ್ಲಿ ಹೋಯಿತೋ! ಬುರ್ಖಾ ತೆಗೆದಿಟ್ಟು, ಸಲ್ವಾರ್ ಕಮೀಜಿನ ಮೇಲೆ ದುಪಟ್ಟಾ ಬಿಗಿದು, ಮೊಣಕಾಲು ಮುಳುಗುವ ಪಾವಟಿಗೆಯ ತನಕ ಇಳಿದರು, ಅಲ್ಲೇ ಕೂತುಬಿಟ್ಟರು. ಕೆಲವು ದಿನ ಅಷ್ಟೇ ನಮ್ಮ ಪಾಠ. ಬರುವುದು, ಕೂರುವುದು, ನೀರನ್ನು ಅಂಗೈಯಿಂದ ತಟ್ಟುವುದು. ಆಮೇಲೆ ಸೊಂಟದ ತನಕ. ಆಮೇಲೆ ಟ್ಯೂಬಿನೊಳಗೆ. ಟ್ಯೂಬಿನಲ್ಲಿ ತೇಲಿದ ಮೊದಲ ದಿನ ಅವರ ಕಿರುಚಾಟಕ್ಕೆ ಬಾವಿಯ ಗೋಡೆಯೊಳಗಿನ ಪಾರಿವಾಳಗಳೆಲ್ಲ ಎದ್ದು ಹೋದವು. "ಕಾಲು ಬಡೀರಿ ಖಾಲಾ!" "ಎಲ್ಲಿ ಐತಿ ಕಾಲು? ನಂಗ ಗೊತ್ತಾಗವಲ್ದು!" ಮೇಲೆ ಹಗ್ಗ ಹಿಡಿದು ಕೂತ ಚಿಕ್ಕಪ್ಪ ಬಿದ್ದು ಬಿದ್ದು ನಗುತ್ತಿದ್ದ.

ನಗುವಿನ ನಡುವೆ ಒಂದು ಬೆಳಿಗ್ಗೆ ಕೆಟ್ಟ ಗಳಿಗೆಯೂ ಬಂತು. ಟ್ಯೂಬಿನಿಂದ ಹೊರಗೆ ಬಂದು ನನ್ನ ಕೈ ಹಿಡಿದು ತೇಲುವ ಪ್ರಯತ್ನದಲ್ಲಿ ಖಾಲಾಗೆ ಗಾಬರಿಯಾಯಿತು. ನನ್ನ ಕೊರಳಿಗೆ ಎರಡೂ ಕೈ ಬಿಗಿದುಬಿಟ್ಟರು. ಇಬ್ಬರೂ ಕೆಳಗೆ ಹೋದೆವು. ಕಿವಿಯಲ್ಲಿ ಬರೀ ಭೋರ್ ಅನ್ನುವ ಸದ್ದು. ಚಿಕ್ಕಪ್ಪನ ಹಗ್ಗ ಕೈಗೆ ಸಿಕ್ಕದಿದ್ದರೆ... ಗೊತ್ತಿಲ್ಲ. ಪಾವಟಿಗೆಯ ಮೇಲೆ ಕೆಮ್ಮುತ್ತ ಕೂತೆ. ಇನ್ನು ಸಾಕು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಖಾಲಾ, ಮೂಗು ಬಾಯಿಂದ ನೀರು ಸುರಿಯುತ್ತಿರುವಾಗಲೇ, ನನ್ನ ಬೆನ್ನು ಸವರತೊಡಗಿದರು.

"ತಪ್ಪಾತು ಬೇಟಾ. ಹಿಂಗ ಹಿಡೀಬಾರದು ಅಂತ ನೀ ಹೇಳಿದ್ದಿ. ನಾಳೆ ಹಿಡ್ಯಾಂಗಿಲ್ಲ."

"ನಾಳೆನೂ ಬರ‍್ತೀರೇನು?"

"ನೀ ಬರಾಂಗಿಲ್ಲೇನು?"

ಮರುದಿನವೂ ಹೋದೆವು. ಅವರು ಹಿಡಿಯಲಿಲ್ಲ.

ಸುದ್ದಿ ಶೆಡ್ಡಿಗೆ ಮುಟ್ಟಿತು. ಕೂದಲು ಬಿಡಿಸುವ ಇಬ್ಬರು ಹೆಂಗಸರು "ನೋಡಿ ಹೋಗ್ತೀವಿ" ಅಂತ ಬಂದವರು ಮರುದಿನ ತಾವೂ ಪಾವಟಿಗೆ ಇಳಿದರು. ನಾನೀಗ ಅವ್ವ ಎಬ್ಬಿಸುವ ಮುಂಚೆಯೇ ಏಳುತ್ತಿದ್ದೆ. ಈಜಿ ಬಂದು ದಾರಿಯಲ್ಲಿ ಎಲ್ಲರೂ ಸೇರಿ ಬಿಸಿ ಬಿಸಿ ಚಹಾ ಕುಡಿಯುವುದು, ಒದ್ದೆ ತಲೆಯಲ್ಲಿ ಪೇಟೆ ದಾಟುವುದು, ಗೊತ್ತಿಲ್ಲದವರೂ "ಬಾವಿ ಟೀಚರ್" ಅಂತ ಮಾತಾಡಿಸುವುದು. ಸಮುದ್ರ ನೆನಪಾಗುವುದು ಯಾವಾಗ ನಿಂತಿತೋ ತಿಳಿಯಲಿಲ್ಲ.

ಆದರೆ ಅದೇ ಸುದ್ದಿ ಖಾಲಾನ ಮಗನಿಗೂ ಮುಟ್ಟಬೇಕಿತ್ತಲ್ಲ. ಟ್ಯೂಬು ಕಾಣದೆ ಹುಡುಕುತ್ತಿದ್ದವನಿಗೆ ಯಾರೋ ನಕ್ಕು ಹೇಳಿದರಂತೆ. ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಟೆಂಪೋ ತೋಟದ ಬದುವಿನ ಹತ್ತಿರ ಬಂದು ನಿಂತಿತು. ಅವನು ದಂಡೆಗೆ ಬಂದು ಕೆಳಗೆ ಇಣುಕಿದ. ಉಳಿದ ಹೆಂಗಸರು ದುಪಟ್ಟಾ, ಸೆರಗು ಎಳೆದುಕೊಂಡು ಗೋಡೆಗೆ ಸರಿದರು. ಖಾಲಾ ನೀರಿನ ನಡುವೆ, ಟ್ಯೂಬಿನಲ್ಲಿ.

ಮನೆಯಲ್ಲಿ ಉರ್ದು ಆಡುವ ಅವನು ನಮಗೆಲ್ಲ ಕೇಳಲೆಂದೇ ಕನ್ನಡದಲ್ಲಿ ಕೂಗಿದ. "ಅಮ್ಮೀ, ಮ್ಯಾಲೆ ಬಾ. ಮಂದಿ ನಗಾಕತ್ತಾರ. ನಿನಗೇನರ ಆದ್ರ ನಾ ಯಾರ ಮುಖ ನೋಡ್ಲಿ?" ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಅವನಿಗೆ ಸಿಟ್ಟಿಗಿಂತ ಹೆದರಿಕೆ ದೊಡ್ಡದಾಗಿತ್ತು. ನನ್ನ ಕಡೆ ತಿರುಗಿ, "ಟೀಚರ್, ನೀವರ ತಿಳುವಳಿಕಿ ಇದ್ದವ್ರು..." ಅಂದ. ನಾನು ಖಾಲಾನ ಕಡೆ ತಿರುಗಿದೆ.

ಖಾಲಾ ಅವನನ್ನೇ ನೋಡುತ್ತಿದ್ದರು. ಟ್ಯೂಬಿನಿಂದ ನಿಧಾನಕ್ಕೆ ಹೊರಗೆ ಜಾರಿದರು. ಅದನ್ನು ಒಂದು ಕೈಯಿಂದ ದೂರ ತಳ್ಳಿದರು. ಅದಿಲ್ಲದೆ, ನನ್ನ ಕೈಯನ್ನೂ ಹಿಡಿಯದೆ ಅವರು ಅಷ್ಟು ಆಳದಲ್ಲಿ ಒಂದು ದಿನವೂ ಇದ್ದವರಲ್ಲ. ತಲೆ ಒಮ್ಮೆ ಮುಳುಗಿತು. ಮಗ "ಅಮ್ಮೀ!" ಅಂದ. ಚಿಕ್ಕಪ್ಪ ಹಗ್ಗ ಹಿಡಿದು ಎದ್ದು ನಿಂತ. ತಲೆ ಮೇಲೆ ಬಂತು. ಕೈ ಚಾಚಿದರು, ಕಾಲು ಬಡಿದರು. ನಾನು ಪಕ್ಕದಲ್ಲೇ ಈಜಿದೆ, ಮುಟ್ಟಲಿಲ್ಲ. ಅವರ ಉಸಿರು ಕೊಳವೆಯಿಂದ ಬಂದಂತೆ ಸದ್ದು ಮಾಡುತ್ತಿತ್ತು. ಕಣ್ಣು ಮಗ ನಿಂತ ಕಡೆಗೇ. ಆ ಬಾವಿ ಅವತ್ತು ನನಗೆ ಸಮುದ್ರಕ್ಕಿಂತ ಅಗಲ ಕಂಡಿತು.

ಮಗ ಚಪ್ಪಲಿ, ಪ್ಯಾಂಟು ಯಾವುದನ್ನೂ ನೋಡದೆ ಪಾವಟಿಗೆ ಇಳಿದು ನೀರಿಗೆ ಬಂದ, ಕೈ ಚಾಚಿದ. ಖಾಲಾ ಆ ಕೈ ಹಿಡಿಯಲಿಲ್ಲ. ಇನ್ನೆರಡು ಸಲ ಕಾಲು ಬಡಿದು ತಾವೇ ಕಲ್ಲು ಹಿಡಿದರು. ಹಿಡಿದು, ಮೇಲೆದ್ದು ಕೂತು, ಏದುಸಿರಿನಲ್ಲೇ "ನೋಡಿದಿ?" ಅಂದರು.

ಅವನು ತಾಯಿಯ ಮುಖ ನೋಡಿದ. ತೇಲಿಕೊಂಡು ಬಂದ ಟ್ಯೂಬನ್ನು ನೋಡಿದ. ಅದನ್ನು ಹತ್ತಿರ ಎಳೆದು ಹೆಬ್ಬೆರಳಿನಿಂದ ಒತ್ತಿದ.

"ಇದ್ರಾಗ ಗಾಳಿ ಕಡಿಮಿ ಐತಿ. ಇಷ್ಟ ದಿನ ಇದ್ರ ಮ್ಯಾಲೆ ಈಜಿದ್ರೇನು? ನಾಳೆ ನಾ ತುಂಬಿಸಿ ಕೊಡ್ತೀನಿ."

ಗೋಡೆಗೆ ಸರಿದಿದ್ದ ಹೆಂಗಸರು ಹೋ ಅಂತ ಕೂಗಿದರು. ಯಾರೋ ನೀರು ಎರಚಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ... ಮುಖವೆಲ್ಲ ಒದ್ದೆಯಾಗಿತ್ತು, ಅಷ್ಟು ನೆನಪಿದೆ.

ಅವತ್ತೇ ಮಧ್ಯಾಹ್ನ ದ್ವೀಪದ ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ಬರುವುದಿಲ್ಲ ಅಂದೆ. ಕಾರಣ ಕೇಳಿದರು. ಇಲ್ಲಿ ಕಲಿಸುವುದು ಬಾಕಿ ಇದೆ ಅಂದೆ. ಸೂಟ್‌ಕೇಸನ್ನು ಅಟ್ಟಕ್ಕೆ ಏರಿಸಿದೆ. ಜೂನ್‌ನಲ್ಲಿ ಗಂಗಾವತಿಯ ಒಂದು ಶಾಲೆಗೆ ಸೇರಿದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ಖಾಲಾ ಆಮೇಲೆ ಕೆಲವು ಬೇಸಿಗೆ ಈಜಿದರು. ಅಂಗಾತ ತೇಲುವುದೆಂದರೆ ಅವರಿಗೆ ಪ್ರಾಣ. ಕಿವಿ ನೀರಿನಲ್ಲಿ ಮುಳುಗಿಸಿ, ಆಕಾಶ ನೋಡುತ್ತ, ಎಷ್ಟು ಕರೆದರೂ ಕೇಳಿಸದವರಂತೆ ಇರುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕಾಲಿಗೆ ಗಾಯವಾಗಿ ಮಾಯಲಿಲ್ಲ. ಡಾಕ್ಟರು ನೀರಿಗಿಳಿಯಬೇಡಿ ಅಂದರು. ಮಳೆಗಾಲದ ಒಂದು ಬೆಳಿಗ್ಗೆ ನಾನು ಗಂಗಾವತಿಯ ಬಸ್ಸಿನಲ್ಲಿದ್ದಾಗ, ಖಾಲಾ ತೀರಿಕೊಂಡರೆಂದು ಅವ್ವನ ಫೋನ್ ಬಂತು. ನಡುದಾರಿಯಲ್ಲೇ ಇಳಿದೆ, ಎದುರಿನ ಬಸ್ಸು ಹಿಡಿದು ಮರಳಿದೆ. ಅವರನ್ನು ಖಬರಸ್ತಾನಕ್ಕೆ ಒಯ್ಯುವಾಗ ನಾವು ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಓಣಿ ತಿರುಗುವ ತನಕ ಹೆಗಲುಗಳ ಮೇಲಿನ ಜನಾಜಾ ಕಂಡಿತು. ಆಮೇಲೆ ಕಾಣಲಿಲ್ಲ...

ನಿನ್ನೆ ಸಂಜೆ ಬಸ್ಸಿಳಿದು ಬರುವಾಗ ಅವರ ಮಗ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ತಲೆಯೂ ನರೆಯುತ್ತಿದೆ. ನನ್ನನ್ನು ನೋಡಿ ಎದ್ದ. ಮಾತಿಗೆ ಮಾತು ಬಂದು, ಪಂಕ್ಚರ್ ಅಂಗಡಿಯಲ್ಲಿ ನಾನು ನಕ್ಕದ್ದನ್ನು ಹೇಳಿದೆ. ಅವನೂ ನಕ್ಕ. ನಗುವಾಗ ಅವನ ಭುಜ ಕುಣಿಯುತ್ತದೆ, ನಾನು ಅದುವರೆಗೆ ಗಮನಿಸಿರಲಿಲ್ಲ. ನಕ್ಕು ಮುಗಿದ ಮೇಲೆ ಅವನು ಒಳಗಿನ ಕತ್ತಲೆಯ ಕಡೆ ನೋಡಿ, "ಮನಿ ಭಾಳ ಸುಮ್ಮಗ ಆಗೈತ್ರಿ ಟೀಚರ್," ಅಂದ.

"ಓಣಿನೂ ಹಂಗ ಆಗೈತಿ," ಅಂದೆ.

ಬೀದಿ ದೀಪ ಹತ್ತುವ ತನಕ ಇಬ್ಬರೂ ಆ ಬಾಗಿಲಲ್ಲೇ ನಿಂತಿದ್ದೆವು.