ಮದಲೂರಿನ ಕಣದಲ್ಲಿ ನಾನಾಡಿದ ಮಾತು

ನಮ್ಮ ಹಟ್ಟಿಗೆ ಮೊದಲ ಡಿಗ್ರಿ ನನ್ನದು. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಮುಚ್ಚಿಟ್ಟಿದ್ದು ಬೇರೆ.

ವಿಶ್ವವಿದ್ಯಾಲಯದಲ್ಲಿ ಬಡ ಹುಡುಗರಿಗೆ ಪುಕ್ಕಟೆ ಊಟದ ಮೆಸ್ಸೊಂದಿತ್ತು. ಎಪ್ಪತ್ತರ ದಶಕದಲ್ಲಿ ನಾನು ಓದಿದ್ದು ಅಲ್ಲಿಯ ಮುದ್ದೆ ಉಂಡೇ. ಅದಕ್ಕೆ ದೇಣಿಗೆ ಎತ್ತುತ್ತಿದ್ದವರು ಮಧುಗಿರಿಯ ಒಬ್ಬ ಮೇಷ್ಟ್ರು. ಇಪ್ಪತ್ತು ವರ್ಷ, ಸುಗ್ಗಿ ಬಂತೆಂದರೆ ಸಿರಾ, ಕೊರಟಗೆರೆ, ಪಾವಗಡದ ಕಣಗಳನ್ನೆಲ್ಲ ತಿರುಗಿ ರಾಗಿ ಕೂಡಿಸಿದರು. ಎಲ್ಲಿಗೆ ಹೋಗಿರಲಿ, ಕೊನೆ ಬಸ್ಸಿಗೆ ಮನೆ ಸೇರಲೇಬೇಕು, ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳ ಜೊತೆ ಕೂತೇ ಉಣ್ಣಬೇಕು. ಯಾರಾದರೂ ಒಬ್ಬಟ್ಟು ಕೊಟ್ಟರೆ ತಾವು ತಿನ್ನದೆ ಟವೆಲ್ಲಿಗೆ ಕಟ್ಟಿಕೊಳ್ಳುತ್ತಿದ್ದರು.

ಭಾಷಣ ಅವರಿಗೆ ಬರುತ್ತಿರಲಿಲ್ಲ. ಮೆಸ್ಸಿನಲ್ಲಿ ಉಂಡು ಪಾಸಾದವನೊಬ್ಬನನ್ನು ಕರೆದುಕೊಂಡು ಹೋಗಿ, ಕಣದಾಚೆ ಚಪ್ಪಲಿ ಬಿಟ್ಟು, ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದರು: "ನೀವು ಕೊಟ್ಟ ರಾಗಿ ಇದೇ ಕಣ್ರವ್ವ." ಜನ ನಕ್ಕು ಮೊರ ತುಂಬಿಕೊಡುತ್ತಿದ್ದರು.

ಬಿ.ಎ. ಪಾಸಾದ ವರ್ಷ ನನ್ನನ್ನು ಮದಲೂರಿಗೆ ಕರೆದರು. ಖುಷಿಯಿಂದಲೇ ಹೋದೆ. ಕಣಕ್ಕೆ ಕಾಲಿಟ್ಟು ನೋಡಿದರೆ, ರಾಶಿ ಪಕ್ಕ ನಿಂತಿದ್ದವರು ನನಗೆ ಗೊತ್ತುಮಾಡುತ್ತಿದ್ದ ಹುಡುಗಿಯ ಸೋದರಮಾವ. ಹುಡುಗ ಸ್ವಂತ ಖರ್ಚಿನಲ್ಲಿ ಓದಿದವನು ಅಂತ ನಮ್ಮವರು ಅವರಿಗೆ ಹೇಳಿಬಿಟ್ಟಿದ್ದರು. ಮೇಷ್ಟ್ರ ಕೈ ನನ್ನ ಹೆಗಲಿಗೆ ಬಂತು, ಎಂದಿನ ಮಾತೂ ಬಂತು. ಮಾವ ನನ್ನ ಕಡೆ ತಿರುಗಿ, "ಹೌದೇನಪ್ಪ?" ಅಂದರು.

"ಇಲ್ಲ. ನಂಗೆ ಮನೆಯಿಂದಲೇ ಅಕ್ಕಿ ಬರ್ತಿತ್ತು. ಇವರ ಜೊತೆ ಸುಮ್ನೆ ಬಂದೆ."

ಮೊರ ಹಿಡಿದಿದ್ದ ಮುದುಕಿ ರಾಗಿಯನ್ನು ವಾಪಸ್ಸು ರಾಶಿಗೆ ಸುರಿದಳು. "ಕಣದಲ್ಲಿ ನಿಂತ್ಕಂಡು ಸುಳ್ಳು ಹೇಳ್ತೀಯಲ್ಲ ಮೇಷ್ಟ್ರೆ. ಮಕ್ಕಳೊಂದಿಗ ನೀನು."

ಮೇಷ್ಟ್ರು ಕೈ ತೆಗೆದರು. "ತಪ್ಪಾಯ್ತು ಕಣವ್ವ. ಬ್ಯಾರೆ ಹುಡುಗ ಅನ್ಕಂಬುಟ್ಟೆ. ವಯಸ್ಸಾಯ್ತು."

ಅವರಿಗಾಗ ಐವತ್ತೂ ಆಗಿರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಇನ್ನೊಂದು ಊರಲ್ಲಿ ಸಿಕ್ಕಿದ್ದ ಒಬ್ಬಟ್ಟಿನ ಗಂಟು ಬಿಚ್ಚಿದರು. ಇದ್ದದ್ದು ಮೂರು. ಒಂದನ್ನು ನನ್ನ ಕೈಗಿಟ್ಟು, ಮಧ್ಯಾಹ್ನದಿಂದ ನೀನು ಏನೂ ತಿಂದಿಲ್ಲ ಅಂದರು. ತಿಂದೆ. ಅದು ಯಾವ ಮಗಳ ಪಾಲಿನದೋ.

ಮದಲೂರಿನ ಕಣದಲ್ಲಿ ಆಮೇಲೆ ಅವರಿಗೆ ರಾಗಿ ಹುಟ್ಟಲಿಲ್ಲ. ನನಗೆ ಹುಡುಗಿ ಸಿಕ್ಕಳು. ಮದುವೆಗೆ ಮೇಷ್ಟ್ರು ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಬಂದಿದ್ದರು. ಪಂಕ್ತಿಯಲ್ಲಿ ಹುಡುಗಿಯ ಆ ಸೋದರಮಾವ ಅವರನ್ನು ಗುರುತು ಹಿಡಿದು, ನಿಮಗೆ ನಮ್ಮ ಹುಡುಗ ಹೆಂಗೆ ಗೊತ್ತು ಅಂತ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ತಾಳಿ ಕಟ್ಟಿ ಆಗಿತ್ತು, ಇನ್ನು ಹೆದರುವಂಥದ್ದೇನೂ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

"ಬಸ್ಸಲ್ಲಿ ಪರಿಚಯ," ಅಂದು ಮೇಷ್ಟ್ರು ಚಿಕ್ಕ ಮಗಳ ಎಲೆಯಲ್ಲಿ ಅನ್ನ ಕಲೆಸತೊಡಗಿದರು.

ಅವರು ತೀರಿಹೋದ ಸುದ್ದಿ ಬಂದ ದಿನ ಹೆಂಡತಿಗೆ ಎಲ್ಲ ಹೇಳಿದೆ. ನನಗಲ್ಲ, ಮದಲೂರಿಗೆ ಹೋಗಿ ಹೇಳಿ ಅಂದಳು.

ಇನ್ನೂ ಹೋಗಿಲ್ಲ.