ಕರಿಮೀಸೆಯ ಕಗ್ಗ

ಹೋದ ವಾರ ಕಾರವಾರದ ಮನೆಯಲ್ಲಿ ಹಳೆಯ ಕಡತಗಳ ಪೆಟ್ಟಿಗೆ ತೆಗೆದಾಗ ಒಂದು ಕಾಗದದ ಪೊಟ್ಟಣ ಕೈಗೆ ಬಂತು. ಮೂಸಿದೆ. ಒಣಹುಲ್ಲು, ಉಪ್ಪುಕೆಸರು... ಬೆಳಂಬಾರದ ಗಜನಿ ಗದ್ದೆಯ ಅಜ್ಜಿ ಎದುರು ಬಂದು ಕೂತ ಹಾಗಾಯಿತು. ಪೊಟ್ಟಣದ ಮೇಲೆ ನನ್ನದೇ ಅಕ್ಷರ: ‘ಕಲಬೆರಕೆ’.

ಹಿನ್ನೀರು ನುಗ್ಗುವ ಗಜನಿ ಗದ್ದೆಯಲ್ಲಿ ಅಜ್ಜಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪು ತಡೆಯುವ ಗುಣ ಅದರ ಯಾವ ವಂಶವಾಹಿಯಲ್ಲಿದೆ ಎಂದು ಹುಡುಕಿ, ಹೊಸ ತಳಿ ಮಾಡುವವರಿಗೆ ತಿಳಿಸುವುದು ನನ್ನ ಕೆಲಸ. ಕೊಯ್ಲಿನ ದಿನ ಅಜ್ಜಿ ಎತ್ತರದ, ಕರಿಮೀಸೆಯ ತೆನೆಗಳನ್ನು ಆರಿಸಿ ಬೀಜ ಕಟ್ಟಿಡುವ ಹುಲ್ಲಿನ ಮುಡೆಗೆ ಬೆರೆಸುತ್ತಿದ್ದರು. ಅವು ಕಾಳು ಕಡಿಮೆ ಕೊಡುವಂಥವು. ನನಗೋ ಕಲಬೆರಕೆ ಕಂಡರೆ ಮೈಯುರಿ. ಪ್ರಯೋಗಕ್ಕೆ ಅವರು ಕೊಟ್ಟ ಬೀಜದಿಂದ ಕರಿಮೀಸೆಯ ಕಾಳುಗಳನ್ನು ಹೆಕ್ಕಿ ಒಂದು ಪೊಟ್ಟಣಕ್ಕೆ ಹಾಕಿ ಬದಿಗಿಟ್ಟೆ. ಶುದ್ಧ ಬೀಜವೆಂದರೇನು ಎಂದು ಅವರಿಗೇ ಪಾಠ ಮಾಡಿದೆ, ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

“ಕರಿಮೀಸೆದು ಬಿಡೂಕಾಗುದಿಲ್ಲ ತಂಗಿ,” ಎಂದರು. “ಎಲ್ಲಾ ವರ್ಷ ಬೇಕಾಗುದಿಲ್ಲ. ಬೇಕಾದ ವರ್ಷ ಅದ್ ಬಿಟ್ರೆ ಮತ್ತೇನೂ ಇರೂದಿಲ್ಲ.”

ಆ ಮಾತು ಯಾಕೋ ಮುಳ್ಳಿನ ಹಾಗೆ ಒಳಗೆ ಕೂತಿತು. ಆದರೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ನಾನು ಹುಡುಕುತ್ತಿದ್ದದ್ದು ಉಪ್ಪಿನ ಗುಣವನ್ನು ಮಾತ್ರ.

ಗುಣ ಸಿಕ್ಕಿತು. ತಳಿಯವರು ಅದನ್ನು ಗಿಡ್ಡ ಭತ್ತಕ್ಕೆ ತಂದರು, ತೆನೆ ತುಂಬಾ ಕಾಳು. ಮೊದಲ ಬೀಜ ಅಜ್ಜಿಗೇ ಕೊಟ್ಟೆ. ಹಳೆಯದು ಬೆರೆತರೆ ಇದು ಕೆಡುತ್ತದೆ ಎಂದು ಒತ್ತಿ ಒತ್ತಿ ಹೇಳಿದೆ. ನನ್ನ ಮಾತು ನಂಬಿ ಹಳೇ ಬೀಜವನ್ನೆಲ್ಲ ಅಕ್ಕಿ ಮಾಡಿಸಿದರು. ಕೊನೆಯ ಮುಡೆ ಬಿಚ್ಚುವಾಗ ಅಜ್ಜಿ ಹಗ್ಗ ಕತ್ತರಿಸಲಿಲ್ಲ, ಗಂಟು ಬಿಡಿಸಿ, ಸುತ್ತಿ, ಮಾಡಿನ ಜಂತಿಗೆ ಸಿಕ್ಕಿಸಿಟ್ಟರು.

ಆ ಮಳೆಗಾಲದಲ್ಲೇ ಗಜನಿಯ ಒಡ್ಡು ಒಡೆಯಿತು. ಎಂಟು ದಿನ ಸೊಂಟದುದ್ದ ನೀರು. ಉಪ್ಪಿಗೆ ನಮ್ಮ ಭತ್ತ ಸೋಲುತ್ತಿರಲಿಲ್ಲ. ಆದರೆ ಅದರ ತಲೆಯೇ ನೀರಿನಿಂದ ಮೇಲೆ ಬರಲಿಲ್ಲ, ನಿಂತಲ್ಲೇ ಕೊಳೆಯಿತು. ಕರಿಮೀಸೆಯ ಎತ್ತರ ಯಾಕೆ ಬೇಕಿತ್ತು ಎಂದು ಗದ್ದೆಯ ದಂಡೆಯ ಮೇಲೆ ನಿಂತು ತಿಳಿದುಕೊಂಡೆ. ನಾಚಿಕೆಯಾಯಿತು.

ಅಜ್ಜಿ ಬೈಯಲಿಲ್ಲ. “ಕರಿಮೀಸೆ ಒಂದ್ ಹಿಡಿಯಾದ್ರೂ ನಿನ್ನಲ್ಲಿ ಅದ್ಯಾ?” ಎಂದಷ್ಟೇ ಕೇಳಿದರು.

“ಇರಬೇಕು ಅಜ್ಜಿ. ಹುಡುಕಿ ತರ್ತೇನೆ,” ಎಂದೆ.

ಪ್ರಯೋಗಾಲಯವನ್ನೆಲ್ಲ ಜಾಲಾಡಿದೆ, ಸಿಗಲಿಲ್ಲ. ಪ್ರತಿ ಮಳೆಗಾಲಕ್ಕೂ ಫೋನು ಮಾಡಿ ಕೇಳುತ್ತಿದ್ದರು. ಆಮೇಲೆ ಒಂದು ವರ್ಷ ಫೋನು ಬರಲಿಲ್ಲ... ಸುದ್ದಿ ಬಂತು.

ಪೊಟ್ಟಣದ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಇವತ್ತಿಗೆ ಏಳನೆಯ ದಿನ. ಬೆಳಿಗ್ಗೆ ಬಿಚ್ಚಿ ನೋಡಿದೆ. ನಾರುತ್ತಿತ್ತು, ಒಂದೂ ಮೊಳೆತಿಲ್ಲ. ನೆನೆಹಾಕದ ನಾಲ್ಕು ಕಾಳು ಉಳಿದಿವೆ. ಪುಡಿ ಮಾಡಿ ಯಂತ್ರಕ್ಕೆ ಕೊಟ್ಟರೆ ಎತ್ತರದ ಗುಣವನ್ನು ಈಗಲೂ ಓದಬಹುದು. ತಳಿಯವರು ಕಳಿಸಿ ಎನ್ನುತ್ತಿದ್ದಾರೆ, ಕಳಿಸುತ್ತೇನೆ. ಅಜ್ಜಿ ಕೇಳಿದ್ದು ಬಿತ್ತಲಿಕ್ಕೆ ಒಂದು ಹಿಡಿ.